ಎಣ್ಣೆ ಡಬ್ಬಿಯ ಕೈಗುಣ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಹೊಗಳಿಕೆ.

ಬೈದಿದ್ದರೆ ಡ್ರಾಯಿಂಗ್ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಬೈಸಿಕೊಂಡು ಅವರಿಗೆ ಅಭ್ಯಾಸವಿತ್ತು. ಅಂದಹಾಗೆ ಅವರು ಯಾವ ಶಾಲೆಯಲ್ಲೂ ಮೇಷ್ಟ್ರಾಗಿದ್ದವರಲ್ಲ. ಚಿತ್ರ ಬರೆದು ಹೊಟ್ಟೆ ಹೊರೆಯುವ ಮನುಷ್ಯನನ್ನು ಬೇರೇನೆಂದು ಕರೆಯಬೇಕೋ ತಿಳಿಯದೆ ಅವರಿದ್ದ ಕಟ್ಟಡದವರು ದಯಪಾಲಿಸಿದ ಬಿರುದು ಅದು. ಇಪ್ಪತ್ತು ವರ್ಷ ಅವರು ಪಠ್ಯಪುಸ್ತಕಗಳಿಗೆ ಚಿತ್ರ ಬರೆದಿದ್ದರು. ಸೇಬಿನಿಂದ ಹಿಡಿದು ಮೂತ್ರಪಿಂಡದವರೆಗೆ, ಮಕ್ಕಳು ನೋಡಿ ಕಲಿತದ್ದೆಲ್ಲ ಅವರ ಕೈಯಿಂದ ಇಳಿದದ್ದೇ. ಪುಸ್ತಕದಲ್ಲಿ ಪಾಠ ಬರೆದವರ ಹೆಸರಿರುತ್ತಿತ್ತು, ತಿದ್ದಿದವರ ಹೆಸರಿರುತ್ತಿತ್ತು, ಕಾಗದ ಒದಗಿಸಿದ ಕಂಪನಿಯ ಹೆಸರೂ ಇರುತ್ತಿತ್ತು. ಚಿತ್ರ ಬರೆದವನ ಹೆಸರು ಮಾತ್ರ ಇರುತ್ತಿರಲಿಲ್ಲ. ಮೂತ್ರಪಿಂಡ ತಾನಾಗಿಯೇ ಬಂದು ಪುಟದ ಮೇಲೆ ಕೂತಿದೆ ಅಂದುಕೊಂಡಿದ್ದರೋ ಏನೋ, ಪುಣ್ಯಾತ್ಮರು.

ಆ ಅವಮಾನಕ್ಕೆಲ್ಲ ಈಗ ಕೊನೆ ಬರುವ ಕಾಲ ಬಂದಿತ್ತು. ಮಕ್ಕಳ ಆಸ್ಪತ್ರೆಯವರು ತಮ್ಮ ಹೊಸ ವಾರ್ಡಿನ ದೊಡ್ಡ ಗೋಡೆಗೆ ಚಿತ್ರ ಬೇಕೆಂದಿದ್ದರು. ಮೇಷ್ಟ್ರು ಬರೆದುಕೊಟ್ಟಿದ್ದರು. ಡಾಕ್ಟರ ಬಾಗಿಲಲ್ಲಿ ಪ್ರಾಣಿಗಳ ಸಾಲು: ಗಂಟಲು ನೋವಿನ ಜಿರಾಫೆ ಕತ್ತಿನುದ್ದಕ್ಕೂ ಮಫ್ಲರ್ ಸುತ್ತಿಕೊಂಡು ನಿಂತಿದೆ, ಹಲ್ಲು ನೋವಿನ ಮೊಸಳೆ ಕೆನ್ನೆಗೆ ಕೈ ಕೊಟ್ಟು ಕೂತಿದೆ, ಎಲ್ಲಕ್ಕಿಂತ ಹಿಂದೆ ಒಂದು ಮುಳ್ಳುಹಂದಿ ಸೂಜಿ ಚುಚ್ಚುತ್ತಾರೆಂದು ಹೆದರಿ ಅಳುತ್ತಿದೆ. ಕೆಳಗೆ ಮೂಲೆಯಲ್ಲಿ ಮೇಷ್ಟ್ರ ಹೆಸರು. ಹೆಸರು ಹಾಕಿಕೊಳ್ಳಬಹುದು ಎಂದು ಆಸ್ಪತ್ರೆಯವರೇ ಹೇಳಿದ್ದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೆಸರು ಬರೆಯದ ಕೈ. ಹೇಗೆ ಬರೆಯಬೇಕೆಂದೇ ತಿಳಿಯದೆ ರಫ್ ಕಾಗದಗಳ ಮೇಲೆ ಜಿರಾಫೆಯ ಕಾಲಿನ ನಡುವೆ, ಮೊಸಳೆಯ ಬಾಲದ ಪಕ್ಕ, ಎಲ್ಲೆಂದರಲ್ಲಿ ಬರೆದು ಬರೆದು ಅಭ್ಯಾಸ ಮಾಡಿದ್ದರು.

ಹೀಗಿರುವಾಗ ಮೇಲಿನ ಮನೆಯ ಕ್ಯಾಷಿಯರ್ರು ಮೊಮ್ಮಗನಿಗೆ ನೆಗಡಿಯೆಂದು ಅದೇ ಆಸ್ಪತ್ರೆಗೆ ಹೋದರು. ಅವರು ಕೆಲಸದಿಂದ ನಿವೃತ್ತರಾಗಿದ್ದರು, ಬಾಯಿಂದ ಆಗಿರಲಿಲ್ಲ. ಆಫೀಸಿನಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಚಿತ್ರ ನೋಡಿ ಹಿಗ್ಗಿಹೋಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಇದು ನಮ್ಮ ಕೆಳಗಿನ ಮನೆ ಮೇಷ್ಟ್ರದ್ದು! ಏನ್ ನೀಟು, ಏನ್ ನೀಟು! ಥೇಟ್ ಮೆಷೀನ್ ಬರೆದ ಹಾಗೇ ಇದೆ!" ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಫೋನು ಬಂತು. ಆಸ್ಪತ್ರೆಯ ಮೇಡಂ ಬಹಳ ಮೆತ್ತಗೆ ಮಾತಾಡಿದರು.

"ಸರ್, ನಿಮ್ಮ ಚಿತ್ರ ಎಐ ಮಾಡಿದ್ದು ಅಂತ ಒಂದು ಮಾತು ಬಂದಿದೆ. ನಮ್ಮಲ್ಲಿ ಕೈಯಿಂದ ಬರೆದದ್ದೇ ಆಗಬೇಕು ಅಂತ ರೂಲ್ಸು. ನೀವು ಮಾಡಿರೋ ರಫ್ ಏನಾದ್ರೂ ಇದ್ರೆ ಇವತ್ತು ಸಂಜೆ ಆಫೀಸು ಮುಚ್ಚೋದರೊಳಗೆ ತಂದು ತೋರಿಸಿ. ಇಲ್ಲಾಂದ್ರೆ ಗೋಡೆ ಬೇರೆಯವರಿಗೆ ಹೋಗುತ್ತೆ."

ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ಎಲ್ಲಿಯ ನ್ಯಾಯ ಇದು? ಕಳ್ಳನನ್ನು ಹಿಡಿದವರು ಕಳ್ಳತನಕ್ಕೆ ಸಾಕ್ಷಿ ಕೇಳುವುದನ್ನು ನೋಡಿದ್ದೇವೆ. ಮನುಷ್ಯನನ್ನು ಹಿಡಿದು, ನೀನು ಮನುಷ್ಯ ಎನ್ನುವುದಕ್ಕೆ ಸಾಕ್ಷಿ ತಾ ಎನ್ನುವ ಕಾಲವೂ ಬಂತಲ್ಲ! ಆ ಮುಳ್ಳುಹಂದಿಯ ಒಂದೊಂದು ಮುಳ್ಳನ್ನೂ ಅವರು ಉಸಿರು ಬಿಗಿಹಿಡಿದು ಎಳೆದಿದ್ದರು. ಲೋಟವನ್ನು ಕುಕ್ಕಿ, "ತೋರಿಸ್ತೀನಿ, ರಾಶಿ ರಾಶಿ ತೋರಿಸ್ತೀನಿ!" ಎಂದು ಗುಡುಗಿ ಮೇಜಿನ ಕೆಳಗಿನ ಪೆಟ್ಟಿಗೆ ಎಳೆದರು. ಪೆಟ್ಟಿಗೆ ಖಾಲಿಯಾಗಿತ್ತು.

"ರಫ್ ಎಲ್ಲಿ?" ಎಂದರು. ಹೆಂಡತಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. "ಗೀಚಿದ ಕಾಗದ ತಾನೆ? ಅಮ್ಮನ್ನ ಕೇಳಿ," ಎಂದವಳೇ ಮೆಟ್ಟಿಲಿಳಿದಳು. ಬುದ್ಧಿವಂತೆ, ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಮ್ಮ ಎಂದರೆ ಮೇಷ್ಟ್ರ ಅತ್ತೆ. ಅವರ ಕಣ್ಣಲ್ಲಿ ಜಗತ್ತಿನ ಯಾವ ವಸ್ತುವೂ ದಂಡವಲ್ಲ, ಅಳಿಯನ ಕಸುಬಿನ ಹೊರತು. ಅಡುಗೆಮನೆಯಲ್ಲಿ ನಿಂತಿದ್ದವರು ಸಮಾಧಾನವಾಗಿ ಹೇಳಿದರು: "ಒಳ್ಳೆ ದಪ್ಪ ಕಾಗದ ಅಳಿಯಂದ್ರೇ. ಒಂದು ಕಡೆ ಸ್ವಲ್ಪ ಗೀಚಿ ಹಾಳಾಗಿತ್ತು, ಅಷ್ಟೇ. ಬಿಸಾಕೋಕೆ ಮನಸ್ಸು ಬರಲಿಲ್ಲ. ಒಂದು ನಾನಿಟ್ಟುಕೊಂಡೆ, ಒಂದು ಟೈಲರ್‌ಗೆ ಕೊಟ್ಟೆ, ಇನ್ನೊಂದು ಪಾಪ ಮೇಲಿನ ಕ್ಯಾಷಿಯರ್ರು ಕೇಳಿದ್ರು."

"ನೀವಿಟ್ಟುಕೊಂಡಿದ್ದು ಎಲ್ಲಿ?"

ಅತ್ತೆ ಶೆಲ್ಫಿನ ಕಡೆ ಗಲ್ಲ ಎತ್ತಿ ತೋರಿಸಿದರು. ಎಣ್ಣೆ ಡಬ್ಬಿಯ ಕೆಳಗೆ ಜಿರಾಫೆಯ ಕಾಲುಗಳು ಕಾಣುತ್ತಿದ್ದವು.

ಡಬ್ಬಿ ಎತ್ತಿ ನೋಡಿದರೆ, ಜಿರಾಫೆಯ ಕತ್ತಿನ ಸುತ್ತ ದುಂಡಗೆ, ಕೈವಾರ ಹಿಡಿದು ಬರೆದಂತೆ, ಎಣ್ಣೆಯ ಕಲೆ. ಮೇಷ್ಟ್ರು ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಟ್ಟರು. "ಏನತ್ತೆ ಇದು! ನಾನು ರಕ್ತ ಬಸಿದು ಬರೆದದ್ದರ ಮೇಲೆ ಎಣ್ಣೆ ಡಬ್ಬಿ ಇಡ್ತೀರಾ? ಈ ಮನೇಲಿ ಒಂದು ಕಾಗದಕ್ಕೆ ಕಲೆ ಆಗದ ಹಾಗೆ ಇಟ್ಟುಕೊಳ್ಳೋಕಾಗಲ್ವಾ? ಆ ಡಬ್ಬೀನ ಎಂದಾದ್ರೂ ಒರೆಸಿದ್ದೀರಾ?"

ಅತ್ತೆಯ ಮುಖ ಸಣ್ಣದಾಯಿತು. ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಅದು ಮನಸ್ಸಿಗೆ ನಾಟಿದೆ ಎಂದೇ ಅರ್ಥ. ಮೇಷ್ಟ್ರಿಗೆ ಅದನ್ನೆಲ್ಲ ಗಮನಿಸುವ ತಾಳ್ಮೆ ಎಲ್ಲಿತ್ತು? ಜಿರಾಫೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕೆಳಗೋಡಿದರು.

ಕಟ್ಟಡದ ಬುಡದಲ್ಲೇ ಟೈಲರ್ ಅಂಗಡಿ. ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವನು. ಅವನ ಮಾತೂ ಹಾಗೇ ಚುಚ್ಚುತ್ತಿತ್ತು. ಮೊಸಳೆ ಅವನ ಕತ್ತರಿಸುವ ಹಲಗೆಯ ಮೇಲೆ ಬಿದ್ದಿತ್ತು. ಪೂರ್ತಿ ಮೊಸಳೆಯಲ್ಲ. ಶರಟಿನ ತೋಳಿನ ಆಕಾರಕ್ಕೆ ಕತ್ತರಿಸಿದ ಮೊಸಳೆ, ಮೈಮೇಲೆ ಸೀಮೆಸುಣ್ಣದ ಗೆರೆ, ಮೂತಿಯ ಹತ್ತಿರ "ಎಡಗೈ" ಎಂದು ಬರೆದಿತ್ತು.

"ಅದು ಕೊಡೋಕಾಗಲ್ಲ ಮೇಷ್ಟ್ರೇ," ಎಂದ ಟೈಲರ್. "ಅಳತೆ ಕಾಗದ. ಮದುವೆ ಗಂಡಿನ ಶರಟು ಇದರ ಮೇಲೆ ನಿಂತಿದೆ."

ಮೇಷ್ಟ್ರು ಸಂಗತಿ ಹೇಳಿದರು. ಹೇಳುತ್ತ ಹೇಳುತ್ತ ದನಿ ಏರಿತು. "ಮೆಷೀನು ನಮ್ಮ ಅನ್ನ ಕಿತ್ಕೊಳ್ತಿದೆ ಕಣಯ್ಯಾ! ಕೈಯಲ್ಲಿ ಕೆಲಸ ಮಾಡೋರೆಲ್ಲ ಒಂದಾಗಿ ನಿಲ್ಲಬೇಕು ಈಗ!"

ಟೈಲರ್ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟ. ಅವನಿಗೂ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೊಂದಿತ್ತು. "ಒಂದಾಗಿ ನಿಲ್ಲೋಣ. ಒಂದು ಮಾತು ಹೇಳಿ. ನೀವೀಗ ಹಾಕಿರೋ ಶರಟು ಯಾರು ಹೊಲಿದಿದ್ದು?"

ಮೇಷ್ಟ್ರು ಕೆಳಗೆ ನೋಡಿಕೊಂಡರು. ರೆಡಿಮೇಡ್ ಶರಟು. ಕಾಲರಿನ ಕಂಪನಿ ಪಟ್ಟಿ ಹೊರಗೇ ಇಣುಕುತ್ತಿತ್ತು.

"ರೆಡಿಮೇಡ್ ಬಂದಾಗ ನಾನೂ ಹೀಗೇ ಎಲ್ಲರ ಮುಂದೆ ಕೂಗಾಡಿದ್ದೆ. ಆಗ ನೀವೇ ಹೇಳಿದ್ರಿ, ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕಪ್ಪಾ ಅಂತ. ಮರ್ತುಹೋಯ್ತಾ?"

ಮೇಷ್ಟ್ರಿಗೆ ಮರೆತಿರಲಿಲ್ಲ. ಕಿವಿ ಬಿಸಿಯಾಯಿತು. ನಿಜ ಹೇಳಬೇಕೆಂದರೆ ಅವರು ಹೋರಾಟಕ್ಕೆ ಬಂದವರಲ್ಲ, ಒಂದು ತೋಳಿಗಾಗಿ ಬಂದವರು. ಕೈಮುಗಿದು ಕೇಳಿಕೊಂಡರು. ಟೈಲರ್ ಕೊನೆಗೆ ಕರಗಿದ. "ಸಂಜೆ ವಾಪಸ್ ತರಬೇಕು. ಮಡಚಬಾರದು. ಮಡಚಿದ್ರೆ ಮದುಮಗನ ಮೊಣಕೈ ಸೊಟ್ಟಗಾಗುತ್ತೆ," ಎಂದು ಹತ್ತು ಸಲ ಹೇಳಿ ಕೊಟ್ಟ.

ಇನ್ನು ಮುಳ್ಳುಹಂದಿ. ಕ್ಯಾಷಿಯರ್ರ ಮನೆಯ ಬಾಗಿಲು ತೆರೆದೇ ಇತ್ತು. "ಬನ್ನಿ ಬನ್ನಿ! ನಿನ್ನೆ ಆಸ್ಪತ್ರೇಲಿ ನಿಮ್ಮನ್ನ ಎಷ್ಟು ಹೊಗಳಿಬಿಟ್ಟೆ ಗೊತ್ತಾ? ಥೇಟ್ ಮೆಷೀನು ಅಂದೆ!" ಎಂದು ಎದ್ದು ಬಂದವರ ಮುಖ ನೋಡಿ ಮೇಷ್ಟ್ರಿಗೆ ಹಲ್ಲು ಕಡಿಯುವಂತಾಯಿತು. ಬೈಯಲು ಬಾಯಿ ತೆರೆದರೆ, ಕ್ಯಾಷಿಯರ್ರು ತಮ್ಮ ಫೋನನ್ನು ಅವರ ಮೂಗಿಗೆ ಹಿಡಿದರು. ಅದರಲ್ಲಿ ಕ್ಯಾಷಿಯರ್ರೇ ಇದ್ದರು. ತಲೆಯ ಮೇಲೆ ಕಿರೀಟ, ಕೆಳಗೆ ಕುದುರೆ. ತಲೆಯಲ್ಲಿ ದಟ್ಟ ಕೂದಲು.

"ನಾನೇ ಮಾಡಿದ್ದು! ಬಾಯಲ್ಲಿ ಹೇಳಿದೆ, ಕಣ್ಣು ಮುಚ್ಚಿ ತೆಗೆಯೋದರೊಳಗೆ ಬಂತು. ಇಷ್ಟು ವರ್ಷ ನನ್ನೊಳಗೊಬ್ಬ ಕಲಾವಿದ ಇದ್ದಾನೆ ಅಂತಲೇ ಗೊತ್ತಿರಲಿಲ್ಲ ಮೇಷ್ಟ್ರೇ. ನೀವ್ಯಾಕೆ ಸುಮ್ಮನೆ ಬೆನ್ನು ಬಗ್ಗಿಸಿ ಕಷ್ಟಪಡ್ತೀರಿ?"

"ನೀವು ಹೋಟೆಲಿನಲ್ಲಿ ಊಟ ತರಿಸ್ಕೊಂಡ್ರೆ ಅಡುಗೆ ನೀವು ಮಾಡಿದ ಹಾಗಾಯ್ತಾ?" ಎಂದು ಮೇಷ್ಟ್ರು ಕಿರುಚಿದರು.

"ರುಚಿ ನನಗೆ ಬೇಕಾದ ಹಾಗೇ ಇದ್ರೆ ಯಾರು ಮಾಡಿದ್ರೇನು?" ಎಂದರು ಕ್ಯಾಷಿಯರ್ರು, ಒಂದಿಷ್ಟೂ ಬೇಸರವಿಲ್ಲದೆ. ಈ ಜನ್ಮದಲ್ಲಿ ಇವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮೇಷ್ಟ್ರು ಎದೆ ಉರಿಯನ್ನು ನುಂಗಿಕೊಂಡು ಕಾಗದ ಕೇಳಿದರು.

ಮುಳ್ಳುಹಂದಿ ನಡುಮನೆಯ ಕಿಟಕಿಯಲ್ಲಿತ್ತು. ಗಾಜು ಬಿರುಕು ಬಿಟ್ಟಿತ್ತೆಂದು ಕ್ಯಾಷಿಯರ್ರು ಕಾಗದವನ್ನು ಅದಕ್ಕೆ ಅಂಟಿಸಿದ್ದರು. ಅರ್ಧಂಬರ್ಧ ಕೆಲಸ ಮಾಡುವವರೇ ಅಲ್ಲ. ಸುತ್ತಲೂ ಬಾಗಿಲು ಕೂರಿಸುವವರು ಬಳಸುವ ಗೋಂದು ಬಳಿದಿದ್ದರು. ಮೇಷ್ಟ್ರು ಉಗುರಿನಿಂದ ಕೆರೆದರು, ಬಿಸಿನೀರು ಹಚ್ಚಿದರು, ಚಾಕು ತೂರಿಸಿದರು. ಮುಳ್ಳುಹಂದಿ ಜಪ್ಪಯ್ಯ ಎನ್ನಲಿಲ್ಲ. ಹೊತ್ತು ಏರುತ್ತಿತ್ತು. ಕೊನೆಗೆ ಮೇಷ್ಟ್ರು ಚೌಕಟ್ಟಿನ ಮೊಳೆ ಕಿತ್ತು ಗಾಜಿನ ಸಮೇತ ಕಿಟಕಿಯನ್ನೇ ಎತ್ತಿಕೊಂಡರು.

"ಅಯ್ಯೋ, ಗಾಳಿ ಬರುತ್ತಲ್ರೀ!" ಎಂದು ಕ್ಯಾಷಿಯರ್ರು ಕೂಗಿದರು.

"ಬರಲಿ! ಒಳಗಿರೋ ಕಲಾವಿದನಿಗೆ ಸ್ವಲ್ಪ ತಂಪಾಗುತ್ತೆ!" ಎಂದು ಮೇಷ್ಟ್ರು ಮೆಟ್ಟಿಲಿಳಿದರು. ಆ ದಿನ ಅವರು ಗೆದ್ದ ಮಾತು ಅದೊಂದೇ.

ಕಂಕುಳಲ್ಲಿ ಎಣ್ಣೆ ಜಿರಾಫೆ, ಹೆಗಲ ಮೇಲೆ ಮಡಚದ ತೋಳು, ಎದೆಗವಚಿಕೊಂಡು ಕಿಟಕಿ. ಬಸ್ಸಿನವನು ಹತ್ತಿಸಲಿಲ್ಲ, ಗಾಜು ಒಡೆದರೆ ಯಾರು ಹೊಣೆ ಎಂದ. ಆಟೋದವನು ನೋಡಿದವನೇ ವೇಗ ಹೆಚ್ಚಿಸಿದ. ಮೇಷ್ಟ್ರು ನಡೆದೇ ಹೋದರು. ಗಾಜಿನಾಚೆಯಿಂದ ಬೀದಿಯನ್ನು ನೋಡುತ್ತ, ಮುಳ್ಳುಹಂದಿಯ ಹಿಂದೆ ಮುಖ ಇಟ್ಟುಕೊಂಡು ಅವರು ಬರುತ್ತಿದ್ದರೆ ಜನ ನಿಂತು ನೋಡುತ್ತಿದ್ದರು. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದು, "ಗಾಜಿನೋರು ಹಿಂದಿನ ಬಾಗಿಲಿಂದ ಹೋಗ್ಬೇಕು," ಎಂದ.

"ನಾನು ಚಿತ್ರ ಬರೆಯೋನು!"

"ಎಲ್ರೂ ಹಾಗೇ ಹೇಳ್ತಾರೆ. ಹಿಂದಿನ ಬಾಗಿಲು."

ಹಿಂದಿನ ಬಾಗಿಲಿಂದಲೇ ಹೋದರು. ಮುಖದಲ್ಲಿ ಬೆವರು, ಬೆರಳಲ್ಲಿ ಗೋಂದು, ಮೈಯಲ್ಲಿ ಎಣ್ಣೆ ವಾಸನೆ. ಆಫೀಸಿನ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಮೇಡಂ ಎದ್ದು ನಿಂತು ಬರಮಾಡಿಕೊಂಡರು. ಒಳಗಿನಿಂದ ಬೆಳಕು ಹೊಮ್ಮುವ ಒಂದು ಗಾಜಿನ ಮೇಜು ತೋರಿಸಿ, "ಇದರ ಮೇಲಿಡಿ ಸರ್, ಒಂದೊಂದಾಗಿ," ಎಂದರು. ಮೇಜಿನ ಮೇಲೊಂದು ದೀಪ ಬಗ್ಗಿ ನೋಡುತ್ತಿತ್ತು.

ಮೇಷ್ಟ್ರು ಇಟ್ಟರು. ಇಡುತ್ತ ಮಾತಾಡಿದರು. ಬೆಳಗಿನಿಂದ ಒಳಗೇ ಕುದಿಯುತ್ತಿದ್ದದ್ದೆಲ್ಲ ಹೊರಬಂತು.

"ನೋಡಿ, ಈ ಕತ್ತು. ಒಂದು ಸಲಕ್ಕೆ ಬರಲಿಲ್ಲ. ಅಳಿಸಿದ್ದೀನಿ, ಮತ್ತೆ ಎಳೆದಿದ್ದೀನಿ. ಈ ಮೊಸಳೆ ಮೊದಲು ನಗ್ತಿತ್ತು, ನೋವಿರೋರು ನಗಲ್ಲ ಅಂತ ಮತ್ತೆ ಬರೆದೆ. ಈ ಮುಳ್ಳುಹಂದಿ ನನ್ನ ಮಗಳು ಚಿಕ್ಕವಳಿದ್ದಾಗ ಸೂಜಿ ನೋಡಿ ಅಳ್ತಿದ್ದ ಮುಖ. ನಿಮ್ಮ ಯಾವ ಮೆಷೀನಿಗೆ ಮಗಳಿದ್ದಾಳೆ? ಯಾವ ಮೆಷೀನು ಆಸ್ಪತ್ರೆ ಮೆಟ್ಟಿಲ ಮೇಲೆ ಮಗು ಎತ್ಕೊಂಡು ನಿಂತಿದೆ? ನನ್ನನ್ನ ಮೆಷೀನು ಅಂತೀರಲ್ಲ, ನಾಚಿಕೆ ಆಗಬೇಕು!"

ಮೇಡಂ ಕಣ್ಣು ತೇವವಾಯಿತು. ಅವರು ಎಣ್ಣೆಯ ಕಲೆಯನ್ನು ಮುಟ್ಟಿದರು, ಸೀಮೆಸುಣ್ಣದ ಗೆರೆಯನ್ನು ಸವರಿದರು, ಗಾಜಿನ ಬಿರುಕಿನ ಮೇಲೆ ಬೆರಳಾಡಿಸಿದರು.

"ಇದೇ ಸರ್! ಇದೇ ನಮಗೆ ಬೇಕಾಗಿದ್ದು. ಎಷ್ಟು ಜೀವ ಇದೆ! ಯಾರು ನೋಡಿದ್ರೂ ಹೇಳ್ತಾರೆ, ಇದು ಮನುಷ್ಯರ ಕೈಯಲ್ಲಿ ಓಡಾಡಿದ ಕಾಗದ ಅಂತ. ದಯವಿಟ್ಟು ಕ್ಷಮಿಸಿ. ನೀವು ಪಾಸು."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಯಾರೋ ನೀರು ತಂದುಕೊಟ್ಟರು. ಗೋಡೆಯ ಮೂಲೆಯಲ್ಲಿ ತಮ್ಮ ಹೆಸರು, ಅದರ ಕೆಳಗೆ ನಿಂತು ಓದುವ ಮಕ್ಕಳು, ಎಲ್ಲ ಕಣ್ಣ ಮುಂದೆ ಬಂತು. ನೀರು ಅರ್ಧ ಕುಡಿದಿದ್ದರು. ಅಷ್ಟರಲ್ಲಿ ಎದುರಿನ ದೊಡ್ಡ ಪರದೆಯ ಮೇಲೆ ಒಂದು ಜಿರಾಫೆ ಮೂಡಿತು.

ಅವರದ್ದಲ್ಲ. ಆದರೆ ಅವರದ್ದೇ. ಮಫ್ಲರಿನ ಸುತ್ತ ದುಂಡಗೆ ಎಣ್ಣೆಯ ಕಲೆ ಬೇರೆ. ಅದರ ಹಿಂದೆ ಇನ್ನೊಂದು ಜಿರಾಫೆ. ಆಮೇಲೆ ತೋಳಿನ ಆಕಾರದ ಮೊಸಳೆ, ಬಿರುಕಿನ ಹಿಂದೆ ಅಳುವ ಮುಳ್ಳುಹಂದಿ. ಬರುತ್ತಲೇ ಇದ್ದವು.

"ಏನಿದು?"

"ಮೆಷೀನು ಸರ್," ಎಂದರು ಮೇಡಂ, ಗಾಜಿನ ಮೇಜನ್ನು ಪ್ರೀತಿಯಿಂದ ತಟ್ಟುತ್ತ. "ನೀವಿಟ್ಟಿದ್ದು ಇದರ ಮೇಲೇ. ನಮಗೆ ಊರೂರಲ್ಲೂ ಆಸ್ಪತ್ರೆ ಇದೆ. ಅಷ್ಟೂ ಗೋಡೆಗೆ ನೀವೊಬ್ಬರೇ ಬರೆಯೋಕಾಗುತ್ತಾ? ಮೆಷೀನ್ ಬರೆದದ್ದು ಹಾಕಿದ್ರೆ ಮಕ್ಕಳ ಅಪ್ಪ ಅಮ್ಮ ಜಗಳಕ್ಕೆ ಬರ್ತಾರೆ. ಕೈಯಿಂದ ಬರೆದದ್ದೇ ಬೇಕು ಅಂತಾರೆ. ಮೆಷೀನಿಗೆ ಎಲ್ಲ ಬರುತ್ತೆ, ಕೈಗುಣ ಒಂದು ಬರ್ತಿರಲಿಲ್ಲ. ಇವತ್ತು ನಿಮ್ಮಿಂದ ಅದೂ ಬಂತು."

ಮೇಷ್ಟ್ರು ಎದ್ದು ಪರದೆಯ ಹತ್ತಿರ ಹೋದರು. ಪ್ರತಿ ಚಿತ್ರದ ಮೂಲೆಯಲ್ಲೂ ಏನೋ ಸುರುಳಿ ಸುರುಳಿ ಗೀಟು.

"ಇದು... ನನ್ನ ಹೆಸರಾ?"

"ಹೆಸರಲ್ಲ ಸರ್. ಹೆಸರಿನ ಥರ. ರಫ್ ಮೇಲೆಲ್ಲ ಇತ್ತಲ್ಲ, ಅದಕ್ಕೆ ಕಲಿತುಬಿಟ್ಟಿದೆ. ಓದೋಕೆ ಬರಲ್ಲ, ಯಾರಿಗೂ ತೊಂದರೆ ಇಲ್ಲ."

ಇಪ್ಪತ್ತು ವರ್ಷ ಹೆಸರೇ ಇರಲಿಲ್ಲ. ಈಗ ಊರೂರ ಗೋಡೆಯ ಮೇಲೂ ಇರುತ್ತದೆ, ಓದಲು ಬಾರದಂತೆ. ಈ ದರೋಡೆಗೆ ಯಾವ ಪೊಲೀಸರನ್ನು ಕರೆಯಬೇಕು? ಮೇಷ್ಟ್ರು ಪರದೆಯಿಂದ ಮೇಡಂ ಕಡೆ ತಿರುಗಿದರು. ಕೊನೆಗೆ, "ನನ್ನ ಚಿತ್ರ? ಈ ಊರಿನ ಗೋಡೆಗೆ ನನ್ನದೇ ತಾನೆ? ಪಾಸು ಅಂದ್ರಲ್ಲ?" ಎಂದರು.

"ಪಾಸಾಗಿದ್ದು ರಫ್ ಸರ್. ಚಿತ್ರಾನೂ ಒಂದ್ಸಲ ನೋಡಿಬಿಡೋಣ." ಮೇಡಂ ಅವರ ಮೂಲ ಚಿತ್ರವನ್ನು ಮೇಜಿನ ಮೇಲಿಟ್ಟರು. ದೀಪ ಬಗ್ಗಿ ನೋಡಿತು. ಮೇಡಂ ಪರದೆ ನೋಡಿ ತುಟಿ ಕಚ್ಚಿಕೊಂಡರು. "ಸರ್, ಬೇಜಾರು ಮಾಡ್ಕೋಬೇಡಿ. ಕೈಯಿಂದ ಬರೆದದ್ದಲ್ಲ ಅಂತಿದೆ."

"ಅದರ ರಫ್ ಇಲ್ಲೇ ಇದೆಯಲ್ಲಮ್ಮಾ!"

"ಹೌದು. ಆದ್ರೆ ರಫ್‌ನಲ್ಲಿ ಎಣ್ಣೆ ಕಲೆ ಇದೆ, ಮೆಷೀನಿನ ಚಿತ್ರದಲ್ಲೂ ಎಣ್ಣೆ ಕಲೆ ಇದೆ. ನಿಮ್ಮದರಲ್ಲಿ ಎಲ್ಲಿದೆ? ನೋಡಿದ್ರೆ ಈ ರಫ್ ಅವುಗಳದ್ದೇ ಅನ್ಸುತ್ತೆ. ನಿಮ್ಮದು ಅದನ್ನ ನೋಡಿ ಮಾಡಿದ ಹಾಗಿದೆ. ತುಂಬಾ ನೀಟು."

ಮೇಷ್ಟ್ರು ತಲೆ ಹಿಡಿದುಕೊಂಡರು. ಮೇಡಂಗೆ ನಿಜಕ್ಕೂ ಕನಿಕರ ಬಂದಿರಬೇಕು. "ಬೆಳಿಗ್ಗೆವರೆಗೂ ಟೈಮ್ ಕೊಡ್ತೀನಿ. ಒಂದೇ ಒಂದು ಕಲೆ ಇದ್ರೂ ಸಾಕು. ಆದ್ರೆ ಬೇಕಂತಲೇ ಎಣ್ಣೆ ಸುರಿದು ತರಬೇಡಿ, ಮೆಷೀನು ಕಂಡುಹಿಡಿಯುತ್ತೆ. ತಾನಾಗೇ ಆಗಿರಬೇಕು. ರಫ್ ಎಲ್ಲ ಇಲ್ಲೇ ಇರಲಿ, ಅದು ಇನ್ನು ನಮ್ಮ ದಾಖಲೆ."

ಮೂಲ ಚಿತ್ರವನ್ನು ಎದೆಗವಚಿಕೊಂಡು ಮೇಷ್ಟ್ರು ಓಡೋಡಿ ಮನೆಗೆ ಬಂದರು. ಕಟ್ಟಡದ ಬುಡದಲ್ಲಿ ಟೈಲರ್ ಎದ್ದು, "ನನ್ನ ತೋಳು?" ಎಂದ. ಮೇಲಿನಿಂದ ಕಿಟಕಿಯಿಲ್ಲದ ಕಿಟಕಿಯಲ್ಲಿ ಕತ್ತು ಹಾಕಿ ಕ್ಯಾಷಿಯರ್ರು, "ನನ್ನ ಗಾಜು?" ಎಂದರು. ಮೇಷ್ಟ್ರಿಗೆ ಒಂದೂ ಕೇಳಿಸಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ. ಅಡುಗೆಮನೆಯ ಶೆಲ್ಫು, ಅದರ ಮೇಲಿನ ಆ ಜಿಡ್ಡು ಹಿಡಿದ ಡಬ್ಬಿ. ಅದನ್ನು ಚಿತ್ರದ ಮೇಲಿಟ್ಟು ಸುಮ್ಮನೆ ಮಲಗಿಬಿಟ್ಟರೆ ಬೆಳಗಾಗುವುದರೊಳಗೆ ತಾನಾಗಿಯೇ ಕಲೆಯಾಗುತ್ತದೆ. ಎಣ್ಣೆ ಸುರಿಯುವುದೂ ಬೇಡ, ಮೋಸವೂ ಇಲ್ಲ.

ಚಿತ್ರವನ್ನು ಶೆಲ್ಫಿನ ಮೇಲೆ ಹಾಸಿದರು. ಡಬ್ಬಿಗಾಗಿ ಕೈ ಚಾಚಿದರು. ಡಬ್ಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಹಿಂದೆ ಅತ್ತೆ ಬಂದು ನಿಂತಿದ್ದರು. ಕೈಯಲ್ಲಿ ಒಣಬಟ್ಟೆ. ಕಣ್ಣು ಇನ್ನೂ ಕೆಂಪಗಿತ್ತು.

"ಬೆಳಿಗ್ಗೆ ನೀವು ಹೇಳಿದ್ದು ಸರಿ ಅಳಿಯಂದ್ರೇ. ತಪ್ಪು ನಂದೇ. ಮಧ್ಯಾಹ್ನವೆಲ್ಲ ಕೂತು ಇದ್ದ ಡಬ್ಬಿ ಎಲ್ಲ ಸೋಪು ಹಾಕಿ ಉಜ್ಜಿದೆ. ಬಿಸಿಲಿಗಿಟ್ಟು ಒಣಗಿಸಿದೆ. ಎಣ್ಣೇನೂ ಬೇರೆ ಮುಚ್ಚಳದ ಪಾತ್ರೆಗೆ ಹಾಕಿ ಅಟ್ಟದ ಮೇಲಿಟ್ಟೆ. ಇನ್ನು ಮೇಲೆ ಈ ಮನೇಲಿ ನಿಮ್ಮ ಕಾಗದಕ್ಕೆ ಒಂದು ಹನಿ ತಾಗಿದ್ರೆ ಕೇಳಿ."

ಅತ್ತೆ ಅಳಿಯನಿಗೆ ನಂಬಿಕೆ ಬರಲೆಂದು ಡಬ್ಬಿಯನ್ನು ತಾವೇ ಎತ್ತಿ ಚಿತ್ರದ ಮೇಲೆ, ಸರಿಯಾಗಿ ಜಿರಾಫೆಯ ಕತ್ತಿನ ಮೇಲೆ, ಗಟ್ಟಿಯಾಗಿ ಒತ್ತಿಟ್ಟರು. ಆಮೇಲೆ ಎತ್ತಿ ತೋರಿಸಿದರು.

"ನೋಡಿ," ಎಂದರು ಹೆಮ್ಮೆಯಿಂದ, "ಒಂದು ಕಲೆ ಇದೆಯಾ?"